ಕರೆಂಟ್ ಜಾಕಿನ ಮುಂದೆ ಅಡ್ಡಬಿದ್ದದ್ದು

ದಿನಾ ಮುಂಜಾನೆ ಸಿದ್ಧೇಶ್ವರನಿಗೆ ಕೈಮುಗಿದು, ಗುಡಿಯ ಹಿಂದಿನ ಓಣಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ ತೆಗೆಯುತ್ತೇನೆ. "ಇವತ್ತರ ನೆಟ್ಟಗ ನಡಸಪಾ" ಎಂದು ಬೇಡುತ್ತೇನೆ. ನಡೆಸುತ್ತಾನೆ. ಆದರೆ ನಗಿಸದೆ ಒಂದು ದಿನವೂ ನಡೆಸಿಲ್ಲ.

ಸಣ್ಣ ಟ್ರ್ಯಾಕ್ಟರಿಗೆ, ಗಾಡಿಗೆ ಲಿನಿಯರ್ ಆಕ್ಚುಯೇಟರ್ ಕೂಡಿಸುವುದು ನನ್ನ ಹೊಸ ಹುಚ್ಚು. ಬ್ಯಾಟರಿಗೆ ಜೋಡಿಸಿ ಬಟನ್ ಒತ್ತಿದರೆ ಸಾಕು, ಕೊಳವೆಯೊಳಗಿನ ಉಕ್ಕಿನ ದಂಡ ಮೆಲ್ಲಗೆ ಹೊರಬಂದು ಭಾರ ಎತ್ತುತ್ತದೆ. ಎಣ್ಣೆ ಬೇಡ, ಪಂಪ್ ಬೇಡ. ನಮ್ಮ ಮಂದಿ ಅದಕ್ಕೆ 'ಕರೆಂಟ್ ಜಾಕ್' ಎನ್ನುತ್ತಾರೆ. ಮೊದಲ ಸಲ ಅದು ಎದ್ದಾಗ ನನ್ನ ಮೈಮೇಲೆ ಮುಳ್ಳೆದ್ದವು. ಹೆಂಡತಿಗೆ ಮಾತ್ರ ನಂಬಿಕೆಯಿಲ್ಲ.

"ಮೂರು ಗಾಡಿ ಮಾಡಿ ನೋಡ್ರಿ. ನಾಕನೇದು ಕೇಳಾಕ ಯಾರೂ ಬರಲಿಲ್ಲಂದ್ರ ಸುಮ್ನ ಕಿಟಕಿ ಗ್ರಿಲ್ ಮಾಡ್ಕೊಂತ ಕೂಡ್ರಿ" ಅಂದಳು.

ಸಪ್ಪಳ

ಮೊದಲನೆಯದು ಟಿಕೋಟಾದ ದ್ರಾಕ್ಷಿ ತೋಟದವರದು, ಗೊಬ್ಬರ ಸುರಿಯುವ ಸಣ್ಣ ಟ್ರೇಲರ್. ಎಂಟು ದಿನಕ್ಕೇ ತಕರಾರು ತಂದರು.

"ಏಳವಲ್ದೇನ್ರಿ?"

"ಛಲೋ ಏಳತೈತ್ರಿ. ಆದ್ರ ಸಪ್ಪಳಾನ ಇಲ್ಲ. ಹೊಸಾದು ತಂದೇನಿ ಅಂತ ಬಾಜೂ ಹೊಲದವ್ರಿಗೆ ಹೆಂಗ ಗೊತ್ತಾಗಬೇಕು?"

ಗಾಡಿ ಹಿಂದೆ ಬರುವಾಗ ಕೂಗುವ ರಿವರ್ಸ್ ಹಾರ್ನ್ ಒಂದನ್ನು, ಟ್ರೇಲರ್ ಏಳುವಾಗ ಕೂಗುವಂತೆ ಹಚ್ಚಿಕೊಟ್ಟೆ. ಮತ್ತೆ ಬಂದರು.

"ನೋಡೂದಿರ್ಲಿ, ಗಾಡಿ ಮೈಮ್ಯಾಲೆ ಬಂತಂತ ಎಲ್ಲಾರೂ ಓಡಾಕತ್ಯಾರ್ರಿ."

ಉಲ್ಟಾ

ಎರಡನೆಯದು ತೊರವಿ ಊರಿನವರದು. ಅವಸರದಲ್ಲಿ ಎರಡು ವಾಯರ್ ಅದಲುಬದಲು ಜೋಡಿಸಿದ್ದೆ. ಏರಿಸುವ ಬಟನ್ ಒತ್ತಿದರೆ ಇಳಿಯುತ್ತಿತ್ತು, ಇಳಿಸುವುದನ್ನು ಒತ್ತಿದರೆ ಏರುತ್ತಿತ್ತು. ದೇವರ ಮೇಲೆ ಭಾರ ಹಾಕಿ, ತಪ್ಪೊಪ್ಪಿಕೊಂಡು ಸರಿಮಾಡಲು ಹೋದೆ. ಗಾಡಿಯವರು ಕೈ ಹಿಡಿದರು.

"ಮುಟ್ಟಬ್ಯಾಡ್ರಿ. ನನಗ ರೂಢಿ ಆಗೈತಿ. ನಮ್ಮ ಅಳಿಯ ಕೇಳದ ಗಾಡಿ ಒಯ್ತಿದ್ದ, ಈಗ ಎಷ್ಟ ಒತ್ತಿದ್ರೂ ಏರವಲ್ದು ಅಂತ ತಾನಾ ತಂದು ನಿಲ್ಲಿಸ್ಯಾನ."

ಅಡ್ಡಬಿದ್ದದ್ದು

ಮೂರನೆಯದು ಸಾರವಾಡದ್ದು, ನನ್ನ ಕೊನೆಯ ಅವಕಾಶ. ದ್ರಾಕ್ಷಿ ಟ್ರೇಗಳನ್ನು ಪಿಕಪ್ಪಿನ ಎತ್ತರಕ್ಕೆ ಒಯ್ಯಲು, ಹಲಗೆ ನೆಟ್ಟಗೆ ಮೇಲೇರುವ ಗಾಡಿ. ನೋಡಲು ಅರ್ಧ ಊರು ಸೇರಿತ್ತು. ಗಾಡಿ ಮಾಡಿಸಿದ ಯಜಮಾನರ ಮುದುಕಿ ತಾಯಿ ಮೊಣಕಾಲು ನೋವೆಂದು ಹಲಗೆಯ ಮೇಲೇ ಕುಳಿತಿದ್ದರು.

ನಾನು ಗಾಡಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, "ಮರ್ಯಾದಿ ಉಳಸಪಾ ಸಿದ್ಧೇಶ್ವರಾ" ಎಂದು ಉದ್ದಕ್ಕೆ ಅಡ್ಡಬಿದ್ದೆ. ಈ ಗಾಡಿಯ ಬಟನ್ ಇರುವ ರಿಮೋಟ್ ನನ್ನ ಅಂಗಿಯ ಕಿಸೆಯಲ್ಲಿತ್ತು. ನನ್ನ ಎದೆಯ ಭಾರ ಬಟನ್ ಮೇಲೆ ಬಿದ್ದದ್ದು ಗೊತ್ತಾಗಲಿಲ್ಲ. ಎದ್ದು ನೋಡಿದರೆ ಅಜ್ಜಿ ನನ್ನ ತಲೆಯ ಮಟ್ಟದಲ್ಲಿದ್ದಾರೆ. ಜಾಕ್ ಸಪ್ಪಳವನ್ನೇ ಮಾಡಿರಲಿಲ್ಲ. ಊರಿಗೆ ಊರೇ ಕೈಮುಗಿದು ನಿಂತಿದೆ.

"ಯವ್ವಾ, ಅಂಜಬ್ಯಾಡ ಬೇ, ಇಳಸ್ತಾರ" ಅಂದರು ಯಜಮಾನರು.

"ನಾ ಯಾಕ ಅಂಜಲಿ? ಯಾರೋ ಪರಊರಾವ ಅಡ್ಡಬಿದ್ದಿದ್ದಕ್ಕ ನಾ ಇಷ್ಟು ಮ್ಯಾಲೆ ಬಂದೆ. ನೀ ದೇವರಿಗೆ ಅಡ್ಡಬಿದ್ದು ಎಷ್ಟು ವರ್ಷ ಆತೋ? ನೀ ಬೀಳೂತನಕ ನಾ ಇಳಿಯಂಗಿಲ್ಲ."

ಯಜಮಾನರು ಊರ ಮಂದಿಯ ಮುಖ ನೋಡಿದರು, ತಾಯಿಯ ಮುಖ ನೋಡಿದರು. ರುಮಾಲು ತೆಗೆದಿಟ್ಟು ಅಡ್ಡಬಿದ್ದರು. ನಾನು ಕಿಸೆಯೊಳಗೆ ಕೈಹಾಕಿ ಬಟನ್ ಒತ್ತಿದೆ. ಅಜ್ಜಿ ಮೆಲ್ಲಗೆ ಇಳಿದುಬಂದರು.

ಶಿವನ ಹೆಸರಲ್ಲಿ ಸುಳ್ಳು ಬೇಡವೆಂದು ರಿಮೋಟ್ ತೆಗೆದು ಎಲ್ಲರಿಗೂ ತೋರಿಸಿದೆ. ಯಾರೂ ನಂಬಲಿಲ್ಲ. ಅಲ್ಲೇ ಆರು ಮಂದಿ ಒಂದೊಂದು ಗಾಡಿಗೆ ಆರ್ಡರ್ ಬರೆಸಿದರು. ಹೆಂಡತಿಗೆ ಫೋನ್ ಮಾಡಿ, ಗ್ರಿಲ್ ಮರೆತುಬಿಡು ಅಂದೆ.

ಒಂದೇ ತೊಂದರೆ. ಆರೂ ಮಂದಿಯದು ಒಂದೇ ಮಾತು: "ಬಟನಿಂದು ಬ್ಯಾಡ್ರಿ. ಅಡ್ಡಬಿದ್ರ ಏಳ್ತೈತಲ್ಲ, ಅಂಥಾದ ಕೊಡ್ರಿ."