ನಕ್ಷೆರಾಯರು ಹೊಲಿದ ಹಳದಿ ಅಂಗಿ

ಹೆಂಡತಿ ಬಟ್ಟೆ ಕತ್ತರಿಸುವಾಗ ಗೆರೆಯಾಚೆ ಅರ್ಧ ಇಂಚು ಬಿಡುವುದು ಅವಳಿಗೆ ಅಳತೆ ಬಾರದ್ದರಿಂದ ಎಂದು ನಕ್ಷೆರಾಯರು ಹದಿಮೂರು ವರ್ಷ ತಿಳಿದುಕೊಂಡಿದ್ದರು. ಕಟ್ಟಡಗಳ ನಕ್ಷೆ ಬಿಡಿಸಿ ಬಿಡಿಸಿ ಬಂದ ಹೆಸರು ಅದು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಆರು ವರ್ಷದ ಮಗಳು ತನಗೆ ಚಿಕ್ಕದಾದ ಹಳದಿ ಫ್ರಾಕು ತಂದು, “ಅಮ್ಮಾ, ಇದ್ರಲ್ಲಿ ಗೊಂಬೆಗೆ ಅಂಗಿ ಹೊಲ್ಕೊಡು” ಎಂದಾಗ ರಾಯರು ನಡುವೆ ಕೈ ಹಾಕಿದರು.

“ಕೊಡು ಇಲ್ಲಿ! ಒಂಬತ್ತು ಅಂತಸ್ತಿನ ಆಸ್ಪತ್ರೆ ಎಬ್ಬಿಸಿದ ಕೈ ಇದು. ಗೇಣುದ್ದದ ಗೊಂಬೆ ಯಾವ ಲೆಕ್ಕ!”

“ಎಬ್ಬಿಸಿದ್ದು ಗಾರೆಯವರು ಕಣ್ರೀ,” ಎಂದಳು ಹೆಂಡತಿ.

ಮಗಳು ಫ್ರಾಕಿನ ತುದಿ ಬಿಡಲಿಲ್ಲ. “ಹಾಳು ಮಾಡಲ್ಲ ತಾನೇ ಅಪ್ಪಾ? ನಂಗೆ ಇರೋ ಹಳದಿ ಫ್ರಾಕು ಇದೊಂದೇ.”

“ಅಪ್ಪನನ್ನೇ ನಂಬಲ್ವಾ, ಪುಟ್ಟಿ?”

ಸ್ಕೇಲು ಬಂತು, ಕೈವಾರ ಬಂತು, ಸೂಜಿಗಿಂತ ಚೂಪಾದ ಪೆನ್ಸಿಲ್ಲು ಬಂತು. ಗೊಂಬೆಯ ಕತ್ತು, ಎದೆ, ಸೊಂಟ ಎಲ್ಲವೂ ದಾಖಲಾದವು. ಗೆರೆಯ ಮೇಲೇ ಕತ್ತರಿ ಓಡಿತು. ಒಂದು ನೂಲೂ ಪೋಲಾಗಲಿಲ್ಲ! ಹೊಲಿದು ಮುಗಿಸಿದರೆ, ಗೊಂಬೆಯ ತಲೆ ಒಳಗೆ ತೂರಲೊಲ್ಲದು.

“ಏನೇ, ಈ ಗೊಂಬೆ ಮಾಡಿದೋರೇ ತಪ್ಪು ಮಾಡಿದಾರೆ. ಕತ್ತಿಗಿಂತ ತಲೆ ದೊಡ್ಡದು!”

“ನಿಮಗೂ ಹಾಗೇ ಇದೆ. ಅದಕ್ಕೇ ಶರ್ಟಿಗೆ ಗುಂಡಿ ಇಟ್ಟಿರೋದು.”

ರಾಯರು ಸೋಲುವವರೇ? ಗೊಂಬೆಯ ತಲೆ ತಿರುಚಿ ಟಪ್ಪನೆ ಕಿತ್ತರು.

“ಅಮ್ಮಾ! ಅಪ್ಪ ಇವಳ ತಲೇನೇ ತೆಗೆದುಬಿಟ್ರು!”

“ಅಳಬೇಡ ಪುಟ್ಟಿ, ತಾತ್ಕಾಲಿಕ!”

ತಲೆಯಿಲ್ಲದ ಮೈಯನ್ನು ಅಂಗಿಯೊಳಗೆ ತುರುಕಿದ್ದೇ ತಡ, ಪರ್ರೆಂದು ಬೆನ್ನಿನ ಹೊಲಿಗೆ ಬಿಟ್ಟಿತು. ಹೆಂಡತಿಯ ಆ ಅರ್ಧ ಇಂಚು ಹೊಲಿಗೆಯೊಳಗೆ ಮಡಚಿಹೋಗುವುದಕ್ಕೆ ಎಂಬ ಸತ್ಯ ರಾಯರಿಗೆ ಆಗ ಹೊಳೆಯಿತು. ಹೊಳೆದದ್ದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡತನ ಇನ್ನೂ ಬಂದಿರಲಿಲ್ಲ! ತಲೆಯನ್ನು ಮತ್ತೆ ಸಿಕ್ಕಿಸಿ, ಗೊಂಬೆಯನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಜಗ್ಗಿ ಜಗ್ಗಿ ಜೋಡಿದಾರದಲ್ಲಿ ಹೊಲಿದರು.

“ಈಗ ನೋಡಿ ಎಲ್ಲರೂ!” ಎಂದು ಎದ್ದು ನಿಂತರು. ಗೊಂಬೆಯೂ ಜೊತೆಗೇ ಎದ್ದಿತು! ಅಂಗಿ ಅವರ ಹೊಚ್ಚಹೊಸ ಪ್ಯಾಂಟಿಗೆ ಸೇರಿ ಭದ್ರವಾಗಿ ಹೊಲಿದುಹೋಗಿತ್ತು.

“ಮೆಲ್ಲಗೆ ದಾರ ಕಿತ್ತುಬಿಡೇ,” ಎಂದರು ರಾಯರು, ಸಣ್ಣ ದನಿಯಲ್ಲಿ.

“ಫ್ರಾಕು ಹಳೇದು ರೀ, ಕಿತ್ತರೆ ಹರಿದೇ ಹೋಗುತ್ತೆ. ಎರಡರಲ್ಲಿ ಒಂದನ್ನ ಕತ್ತರಿಸ್ಲೇಬೇಕು. ಯಾವುದು ಹೇಳಿ?”

ಮಗಳ ಕಣ್ಣು ತುಂಬಿಬಂದಿತ್ತು. ರಾಯರು ಪ್ಯಾಂಟನ್ನು ನೋಡಿದರು, ಮಗಳನ್ನು ನೋಡಿದರು, ಕಣ್ಣು ಮುಚ್ಚಿಕೊಂಡು “ಪ್ಯಾಂಟು” ಎಂದರು.

ಅಂಗೈಯಗಲದ ಬೂದು ತುಂಡು ಹೊರಬಂತು. ಹೆಂಡತಿ ಅದನ್ನೇ ಅಂಗಿಯ ಬೆನ್ನಿಗೆ ಕೂಡಿಸಿ ಐದು ನಿಮಿಷದಲ್ಲಿ ಹೊಲಿದುಕೊಟ್ಟಳು. ಮಗಳು ಗೊಂಬೆಯನ್ನು ಅವಚಿಕೊಂಡು ಮನೆತುಂಬ ಕುಣಿದಳು.

ತೊಡೆಯ ಮೇಲೊಂದು ಕಿಟಕಿ ತೆರೆದುಕೊಂಡು ಕುಳಿತಿದ್ದ ರಾಯರು ಆಸೆಯಿಂದ ಕೇಳಿದರು: “ಪುಟ್ಟಿ, ಏನಂತಾಳೆ ನಿನ್ನ ಗೊಂಬೆ? ಅಪ್ಪನ ಕೈಕೆಲಸ ಇಷ್ಟ ಆಯ್ತಂತಾ?”

ಮಗಳು ಕುಣಿಯುವುದನ್ನು ನಿಲ್ಲಿಸಿ ಅವರನ್ನು ಕನಿಕರದಿಂದ ನೋಡಿದಳು.

“ಅಪ್ಪಾ, ಅದು ಪ್ಲಾಸ್ಟಿಕ್ಕು.”