ವಾಸನೆಯಿಲ್ಲದ ಹೊಗೆ

ಹೊಗೆ ಎಂದಮೇಲೆ ಅದಕ್ಕೊಂದು ವಾಸನೆ ಇರಬೇಕು ಎಂಬುದು ನನ್ನ ನಂಬಿಕೆ. ಒಲೆಯ ಹೊಗೆ, ಲೋಬಾನದ ಹೊಗೆ, ಸೀದ ಒಗ್ಗರಣೆಯ ಹೊಗೆ, ಯಾವುದೇ ಆಗಲಿ, ದೂರದಿಂದಲೇ ಹೆಸರು ಹೇಳಿಕೊಂಡು ಬರುತ್ತದೆ. ಹೇಳದೆ ಕೇಳದೆ ಬರುವ ಹೊಗೆ ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಮನೆಯವರಿಗೆ ಸಿಗರೇಟಿನ ಚಟ. ಆದರೂ ಕೊಟ್ಟೂರಿನ ಮಗ. ಹೆತ್ತ ತಾಯಿಯ ಮುಂದೆ ಸೇದುವವರಲ್ಲ. ಅತ್ತೆ ಪಡಸಾಲೆಯಲ್ಲಿ ಕೂತಿರುವಷ್ಟು ಹೊತ್ತು ಅವರ ಶ್ವಾಸಕೋಶಕ್ಕೆ ರಜೆ. ಹಗರಿಬೊಮ್ಮನಹಳ್ಳಿಯ ಡಾಕ್ಟರು ಎದೆ ಪರೀಕ್ಷಿಸಿ, "ಸಿಗರೇಟು ಬಿಡ್ರಿ, ಇಲ್ಲಾಂದ್ರ ಸಂಸಾರ ಬಿಡಬೇಕಾಗ್ತೈತಿ" ಎಂದಮೇಲಂತೂ ನನಗಿದ್ದ ಧೈರ್ಯವೆಂದರೆ ಅತ್ತೆಯೊಬ್ಬರೇ.

ಆಗ ದುಬೈಯಿಂದ ಬಂದ ನನ್ನ ತಂಗಿಯ ಗಂಡ ಇವರಿಗೊಂದು ಬ್ಯಾಟರಿ ಸಿಗರೇಟು ಕೊಟ್ಟರು. ಎಳೆದರೆ ತುದಿಯಲ್ಲಿ ಕೆಂಪು ದೀಪ, ಬಿಟ್ಟರೆ ಬೆಳ್ಳನೆಯ ಆವಿ. ಬೂದಿಯಿಲ್ಲ, ಬೆಂಕಿಯಿಲ್ಲ, ವಾಸನೆಯಿಲ್ಲ. "ಇನ್ನ ನಾ ಬಿಟ್ಟಂಗ ತಿಳಿ" ಎಂದರು ಇವರು. ಬಿಟ್ಟದ್ದು ಅವ್ವನ ಭಯವನ್ನು ಮಾತ್ರ. "ಎದಿಗೆ ಔಷಧಬೇ ಇದು, ಆವಿ ತಗೊಂಡಂಗ" ಎಂದು ಅವರ ಎದುರೇ ಎಳೆಯತೊಡಗಿದರು. ಮನೆಯಲ್ಲಿ ಇದು, ಬೀದಿಯಲ್ಲಿ ಅದು. ಬಿಡುವುದು ಯಾವಾಗ ಎಂದರೆ "ಬಿಟ್ಟೀನಲ್ಲ!" ಎಂದು ನನ್ನ ಮುಖಕ್ಕೇ ಆವಿ.

ಮನೆ ವಿಚಿತ್ರವಾಯಿತು. ಕನ್ನಡಿಯ ಮುಂದೆ ಬೆಳ್ಳಗೇನೋ ತೇಲುತ್ತದೆ, ತಿರುಗಿ ನೋಡಿದರೆ ಇಲ್ಲ. ಪರದೆಯ ಹಿಂದಿನಿಂದ ಒಂದೆಳೆ ಇಣುಕಿ ಮರೆಯಾಗುತ್ತದೆ. ಕಾನ್ವೆಂಟಿನ ಸಿಸ್ಟರುಗಳು ದೆವ್ವವಿಲ್ಲವೆಂದು ಕಲಿಸಿದ್ದರು; ಪವಿತ್ರಾತ್ಮ ಎಲ್ಲೆಲ್ಲೂ ಇದೆಯೆಂದೂ ಕಲಿಸಿದ್ದರಿಂದ ನನ್ನ ಧೈರ್ಯ ಅರ್ಧಂಬರ್ಧ.

ಒಂದು ಸಂಜೆ ಎಂದಿನಂತೆ ಕರೆಂಟು ಹೋಯಿತು. ನಡುಮನೆಯ ಕುರ್ಚಿಯಲ್ಲಿ ಕೆಂಪು ಚುಕ್ಕೆ ಹೊತ್ತಿತು, ಆರಿತು, ಮತ್ತೆ ಹೊತ್ತಿತು. "ಚಾ ಇಡ್ಲೇನ್ರಿ?" ಎಂದೆ. ಆವಿ ನಿಧಾನವಾಗಿ ಕುರ್ಚಿಯನ್ನು ಸುತ್ತಿಕೊಂಡಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ತಲಬಾಗಿಲಲ್ಲಿ, ಬೀದಿಯ ಸಿಗರೇಟು ನಾರುತ್ತ ನಮ್ಮ ಮನೆಯವರೇ ಕೇಳಿದರು: "ಯಾರ ಜೋಡಿ ಮಾತಾಡಾಕತ್ತೀಲೇ?"

ಇವರು ಬೆಂಕಿಕಡ್ಡಿ ಗೀರಿದರು. ಕುರ್ಚಿಯಲ್ಲಿ ಅತ್ತೆ! ತಲೆತುಂಬ ಸೆರಗು, ಮುಚ್ಚಿದ ಕಣ್ಣು, ತುಟಿಯಲ್ಲಿ ಆ ಯಂತ್ರ.

"ಅವ್ವಾ! ಅದನ್ಯಾಕ ಸೇದಾಕತ್ತಿ?"

"ನಂದೂ ಕೆಮ್ಮು ಹೋಗ್ಲಿ ಅಂತ. ಔಷಧ ಅಂದಿದ್ದಿಲ್ಲೇನೋ?"

"ಔಷಧ ಅಲ್ಲಬೇ... ಸಿಗರೇಟ ಅದು."

ಕಡ್ಡಿ ಅವರ ಬೆರಳು ಸುಟ್ಟು ಆರಿತು. ಕತ್ತಲಲ್ಲಿ ಅತ್ತೆಯ ದನಿ ತಣ್ಣಗಿತ್ತು. "ಹಂಗಾರ ಇಷ್ಟು ದಿನ ನನ್ನ ಮುಂದನ ಸೇದ್ಯಾನಪ್ಪ ನನ್ನ ಮಗ! ಭೇಷ್. ನೀ ಎರಡೂ ಬಿಡೋತನಕ ನಾನೂ ಬಿಡಾಂಗಿಲ್ಲ." ಕೆಂಪು ಚುಕ್ಕೆ ಮತ್ತೆ ಹೊತ್ತಿತು.

ಡಾಕ್ಟರಿಗಾಗದ್ದು ಆ ಚುಕ್ಕೆಗಾಯಿತು. ಇವರು ಜೇಬಿನ ಪ್ಯಾಕನ್ನು ಬಚ್ಚಲೊಲೆಗೆ ಹಾಕಿದರು. ಮುಂದಿನ ಕೆಲವು ವಾರ ಎಲ್ಲರ ಮೇಲೂ ಹರಿಹಾಯ್ದರು, ಆದರೆ ಸೇದಲಿಲ್ಲ. ಯಂತ್ರವನ್ನು ಅತ್ತೆ ನನ್ನ ಕೈಗಿಟ್ಟು, "ನಮ್ಮಿಬ್ಬರಾಗ ನೀನ ಶಾಣ್ಯಾಕಿ, ಇಟ್ಗೊ" ಎಂದರು.

ಅಡುಗೆಮನೆಯ ಮಾಡದಲ್ಲಿಟ್ಟೆ. ಇಷ್ಟು ಸಣ್ಣ ವಸ್ತುವಿನಲ್ಲಿ ಅಂಥದೇನಿರಬಹುದು? ಮೊನ್ನೆ ಮಧ್ಯಾಹ್ನ, ಬ್ಯಾಟರಿ ಬದುಕಿದೆಯೋ ಸತ್ತಿದೆಯೋ ನೋಡೋಣವೆಂದು ಒಂದೇ ಒಂದು ಸಲ ಎಳೆದೆ. ಎದುರಿನ ಸ್ಟೀಲು ತಟ್ಟೆಯೊಳಗಿಂದ ಬಾಯಲ್ಲಿ ಕೆಂಡವಿಟ್ಟುಕೊಂಡ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸುತ್ತಿದ್ದಳು.

"ಒಳಗ ಯಾರವ್ವಾ? ನೀನೇನು?" ಎಂದು ಅತ್ತೆ ಪಡಸಾಲೆಯಿಂದ ಕೂಗಿದರು. ಹಿರಿಯರು ಕರೆದರೆ ಓಗೊಡದೆ ಇರುವವಳಲ್ಲ ನಾನು. ಆದರೆ ಬಾಯಿ ತೆರೆದರೆ ಹೊಗೆ ಬರುತ್ತಿತ್ತು.