ಹೆಸರಿಲ್ಲದ ಡಚ್ ಸಾಹೇಬರಿಗೆ ಊದುಬತ್ತಿ

ಶಿಸ್ತಿನ ಮನುಷ್ಯರಿಗೆ ಒಂದು ಕಾಯಿಲೆಯಿದೆ. ಒಮ್ಮೆ ಶುರು ಮಾಡಿದ್ದನ್ನು, ಅದು ತಪ್ಪೆಂದು ಗೊತ್ತಾದ ಮೇಲೂ, ಹೊತ್ತಿಗೆ ಸರಿಯಾಗಿ ಮಾಡುತ್ತಲೇ ಇರುತ್ತಾರೆ. ನಾನು ಇದರ ಹಳೆಯ ರೋಗಿ. ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು. ಹಾಸಿಗೆಯ ಚಾದರದಲ್ಲಿ ಸುಕ್ಕು ಕಂಡರೆ ನರ್ಸನ್ನು ಮಾತ್ರವಲ್ಲ, ಮೇಲೆ ಮಲಗಿದ ರೋಗಿಯನ್ನೂ ಗದರಿಸುತ್ತಿದ್ದೆ. ಈಗ ಜಪಾನಿನ ಎಡೋಗಾವಾದಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೇನೆ. ಇಲ್ಲಿ ರೈಲೂ ಹೊತ್ತಿಗೆ ಬರುತ್ತದೆ, ಕಸದ ಲಾರಿಯೂ ಹೊತ್ತಿಗೆ ಬರುತ್ತದೆ. ಇಷ್ಟು ವರ್ಷ ನಾನು ತಪ್ಪು ದೇಶದಲ್ಲಿದ್ದೆನೇನೋ ಎಂದು ಅನುಮಾನ ಬರುವಷ್ಟರಲ್ಲಿ ಡಚ್ ಸಾಹೇಬರು ಮನೆಗೆ ಬಂದರು.

ತಂದವನು ಅಳಿಯ ರಘು, ಹಳೆಯ ಸಾಮಾನಿನ ಸಂತೆಯಿಂದ. "ಹದಿನೆಂಟನೇ ಶತಮಾನದ ಆಯಿಲ್ ಪೇಂಟಿಂಗ್ ಅತ್ತೆ, ಒರಿಜಿನಲ್! ಡಚ್ ವ್ಯಾಪಾರಿ ಕಂಪನಿಯ ಆಫೀಸರ್."

"ಹೆಸರೇನಪ್ಪ ಇವರದ್ದು?"

"ಗೊತ್ತಿಲ್ಲ."

"ಬರೆದವರು?"

"ಅದೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಮ್ಮ ಕೈಗೆ ಸಿಗ್ತಿತ್ತಾ?"

ತಲೆಗೆ ಬಿಳಿಯ ಗುಂಗುರು ವಿಗ್, ಊದಿದ ಕೆಂಪು ಕೆನ್ನೆ, ಹೊಟ್ಟೆಯ ಮೇಲೆ ಬಿಗಿದು ನಿಂತ ಗುಂಡಿಗಳು. ರಘುವಿಗೆ ಇತಿಹಾಸ ಕಂಡಿತು. ನನಗೆ ರಕ್ತದೊತ್ತಡ ಕಂಡಿತು. ಉಪ್ಪು ಕಡಿಮೆ ಮಾಡಬೇಕಿತ್ತು ಇವರು ಎಂದೆ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಇದ್ದ ಒಂದೇ ಕೊಕ್ಕೆ ಪೂರ್ವದ ಗೋಡೆಯಲ್ಲಿತ್ತು. ಅದರ ಕೆಳಗಿನ ಕಪಾಟಿನ ಮೇಲೆ ನನ್ನ ಅಂಗೈಯಗಲದ ಗಣಪತಿ. ಹೀಗಾಗಿ ನಾನು ಗಣಪತಿಗೆ ಹಚ್ಚಿದ ಊದುಬತ್ತಿಯ ಹೊಗೆ ನೇರವಾಗಿ ಸಾಹೇಬರ ಮೂಗಿಗೆ ಹೋಗತೊಡಗಿತು.

ಕೆಳಗಿನ ಮನೆಯ ತನಾಕಾ ಸಾನ್ ನನ್ನ ವಯಸ್ಸಿನವರು. ಈ ಊರಿನಲ್ಲಿ ನನಗಿರುವ ಗೆಳತಿ ಅವರೊಬ್ಬರೇ. ಬಾಟಲಿ ಬೇರೆ, ಅದರ ಮುಚ್ಚಳ ಬೇರೆ, ಮೈಮೇಲಿನ ಲೇಬಲ್ ಬೇರೆ ಎಂದು ಕಸ ವಿಂಗಡಿಸಲು ಕೈಸನ್ನೆಯಲ್ಲೇ ಕಲಿಸಿದವರು. ನನ್ನ ಚೀಲ ನೋಡಿ ಅವರು ಒಮ್ಮೆ ಮೆಚ್ಚಿ ತಲೆಯಾಡಿಸಿದಾಗ ಆದ ಹೆಮ್ಮೆ ನಿವೃತ್ತಿಯ ದಿನದ ಶಾಲು ಹೊದ್ದಾಗಲೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಅವರು ಕಿತ್ತಳೆ ಹಣ್ಣು ಕೊಡಲು ಬಂದರು. ನಾನು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದೆ. ಕಣ್ಣು ಬಿಟ್ಟರೆ ಪಕ್ಕದಲ್ಲಿ ತನಾಕಾ ಸಾನ್, ಸಾಹೇಬರ ಮುಂದೆ ಮಂಡಿಯೂರಿ ತಲೆ ಬಾಗಿಸಿದ್ದಾರೆ! ಕೈ ಮುಗಿದವರನ್ನು ನಡುವೆ ತಡೆಯುವುದುಂಟೇ? ಮರ್ಯಾದೆಗೆ ನಾನೂ ಸಾಹೇಬರಿಗೆ ಇನ್ನೊಮ್ಮೆ ಕೈ ಮುಗಿದೆ. ಮುಂದಿನ ಸಲ ಸೇವಂತಿಗೆ ಹೂವು ಬಂತು.

"ಗೋಡೆ ಮೇಲಿರೋ ನಿಮ್ಮೋರಿಗೆ ಅಂತೆ," ಎಂದಳು ಸುಧಾ, ನಗು ತಡೆಯಲಾರದೆ.

"ನಮ್ಮೋರಲ್ಲ ಅಂತ ಹೇಳಿಬಿಡೇ."

"ಅವರ ಮುಖ ನೋಡಿದ್ರೆ ನಂಗೆ ಬಾಯಿ ಬರಲ್ಲ. ನೀನೇ ಹೇಳ್ಕೋ."

ನನಗೆ ಬರುವ ಜಪಾನಿ ಸುಮಿಮಾಸೆನ್ ಮತ್ತು ಅರಿಗಾತೋ. ಕ್ಷಮೆ ಕೇಳಬಹುದು, ಉಪಕಾರ ನೆನೆಯಬಹುದು. ನಿಜ ಹೇಳಲು ಎರಡೂ ಸಾಲವು. ಅರಿಗಾತೋ ಎಂದೆ. ಹೂವು ಬಂದ ಮೇಲೆ ಅದಕ್ಕೊಂದು ಹೂದಾನಿ ಬಂತು, ಹೂದಾನಿಗೆ ದಿನವೂ ಹೊಸ ನೀರು. ಸಾಹೇಬರು ನನ್ನ ದಿನಚರಿಗೆ ಸೇರಿಬಿಟ್ಟರು.

ಸುಧಾಳಿಗೆ ಮಾತ್ರ ಅವರು ಸೇರಲಿಲ್ಲ. "ಊಟಕ್ಕೆ ಕೂತ್ರೆ ಎಷ್ಟು ತುಪ್ಪ ಹಾಕ್ಕೊಂಡೆ ಅಂತ ದುರುಗುಟ್ಟಿ ನೋಡ್ತಾನಮ್ಮ," ಎನ್ನುತ್ತಿದ್ದಳು. ರಘು ಕೆಲಸದ ಮೇಲೆ ನಗೋಯಾಕ್ಕೆ ಹೋದದ್ದೇ ತಡ, ದೊಡ್ಡ ಸಾಮಾನಿನ ಕಸದವರಿಗೆ ಹೇಳಿ, ಕೊಂಬಿನಿ ಎಂಬ ಬೀದಿಯ ಅಂಗಡಿಯಲ್ಲಿ ದುಡ್ಡು ಕಟ್ಟಿ ಅದರ ಚೀಟಿ ತಂದು ಸಾಹೇಬರ ಚೌಕಟ್ಟಿಗೆ ಅಂಟಿಸಿಯೇಬಿಟ್ಟಳು.

"ತನಾಕಾ ಸಾನ್ ಕಣ್ಣೆದುರಿಗೆ ಹಿರಿಯರನ್ನ ಕಸಕ್ಕೆ ಹಾಕೋದೇನೇ?"

"ಅವನು ನಮ್ಮ ಹಿರಿಯ ಅಲ್ವಲ್ಲಮ್ಮ!"

"ಅದು ನಮಗೆ ಗೊತ್ತು. ಅವರಿಗೆ?"

ಇನ್ನು ಅವರು ನನ್ನ ಮುಖ ನೋಡುವುದುಂಟೇ? ಸಾಹೇಬರಿಗೆ ತಲೆಯಿಂದ ಕಾಲಿನವರೆಗೆ ಚಾದರ ಸುತ್ತಿ, ಸುಕ್ಕಿಲ್ಲದಂತೆ ಮೂಲೆಗಳನ್ನು ಮಡಚಿ, ಸ್ಟ್ರೆಚರಿನಲ್ಲಿ ಒಯ್ಯುವಂತೆ ಇಬ್ಬರೂ ಕೆಳಗಿಳಿಸಿದೆವು. ಕಸದ ಜಾಗದಲ್ಲಿ ತನಾಕಾ ಸಾನ್ ಪೊರಕೆ ಹಿಡಿದು ನಿಂತಿದ್ದರು. ನಮ್ಮ ಗಂಟು ನೋಡಿ ಸೌಮ್ಯವಾಗಿ ನಕ್ಕು, ಬಟ್ಟೆ ಬೇರೆ ಕಸ ಎಂದು ಸನ್ನೆ ಮಾಡಿ, ತಾವೇ ಚಾದರ ಬಿಚ್ಚಿದರು.

ಪೊರಕೆ ಕೆಳಗೆ ಬಿತ್ತು. ಅವರು ಸಾಹೇಬರನ್ನು ನೋಡಿದರು, ಚೀಟಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಎಲ್ಲಾ ಹೇಳಿಬಿಡೇ ಸುಧಾ," ಎಂದೆ.

ಅವಳು ಹೇಳುತ್ತಾ ಹೋದಳು. ನಾನು ನೆಲ ನೋಡುತ್ತಾ ನಿಂತೆ. ತಲೆಯೆತ್ತಿದಾಗ ತನಾಕಾ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ಭುಜ ಕುಣಿಯುವಂತೆ ನಗುತ್ತಿದ್ದರು.

"ಡಚ್ಚರು ಅಂತ ಮೊದಲ ದಿನವೇ ಗೊತ್ತಾಯ್ತಂತೆ," ಎಂದಳು ಸುಧಾ. "ಆ ಕಾಲಕ್ಕೆ ಇಲ್ಲಿಗೂ ವ್ಯಾಪಾರಕ್ಕೆ ಬರ್ತಿದ್ರಂತೆ. ಸ್ಕೂಲ್ ಪುಸ್ತಕದಲ್ಲಿ ಇಂಥವರ ಚಿತ್ರ ಇರತ್ತಂತೆ. ನೀನು ಅಷ್ಟು ಭಕ್ತಿಯಿಂದ ನಿಂತಿದ್ದೆ, ನಿಂಗೆ ಇವರು ಏನಾಗ್ಬೇಕು ಅಂತ ಕೇಳೋದು ಮರ್ಯಾದೆ ಅಲ್ಲ ಅಂತ ಅವರೂ ಕೈ ಮುಗಿದ್ರಂತೆ."

ಅಂದರೆ ಇಷ್ಟು ದಿನ ಅವರು ನನಗಾಗಿ, ನಾನು ಅವರಿಗಾಗಿ ಕೈ ಮುಗಿದಿದ್ದೆವು. ನಡುವೆ ಲಾಭ ಮಾಡಿಕೊಂಡವರು ಕಂಪನಿಯವರು. ಮೂವರೂ ನಕ್ಕೆವು. ಆದರೆ ತನಾಕಾ ಸಾನ್ ನಗು ಮುಗಿಸಿ, ಚೌಕಟ್ಟಿನ ಚೀಟಿಯನ್ನು ಉಗುರಿನಿಂದ ನಿಧಾನವಾಗಿ ಕಿತ್ತರು. ಪೂಜೆ ಪಡೆದದ್ದನ್ನು ಹೀಗೆ ಕಸಕ್ಕೆ ಹಾಕಬಾರದಂತೆ. ದೇವಾಲಯದಲ್ಲಿ ಮಂತ್ರ ಹೇಳಿಸಿಯೇ ಬೀಳ್ಕೊಡಬೇಕಂತೆ. ಅದನ್ನೆಲ್ಲ ಅವರು ವಿಚಾರಿಸುವವರೆಗೆ ಉಪಚಾರ ತಪ್ಪಬಾರದಂತೆ. ಸಾಹೇಬರನ್ನು ಮತ್ತೆ ಮೇಲೆ ಹೊರಲು ಸುಧಾ ಹಲ್ಲು ಕಚ್ಚಿಕೊಂಡು ಕಾಲಿನ ಕಡೆ ಹಿಡಿದಳು.

ತನಾಕಾ ಸಾನ್ ಇನ್ನೂ ವಿಚಾರಿಸುತ್ತಲೇ ಇದ್ದಾರೆ, ಅವರಿಗೂ ಅವಸರವಿದ್ದಂತಿಲ್ಲ. ದಿನವೂ ಬೆಳಿಗ್ಗೆ ಕಂಪನಿ ಸಾಹೇಬರ ಮುಂದೆ ಸೆರಗು ಸರಿಮಾಡಿಕೊಂಡು ನಿಲ್ಲುತ್ತೇನೆ. ಇಂಥದೇ ಒಂದು ಕಂಪನಿಯ ಬೆನ್ನ ಹಿಂದೆ ಬಂದ ಸರ್ಕಾರವನ್ನು ಓಡಿಸಲು ನನ್ನ ತಾತ ಜೈಲಿಗೆ ಹೋಗಿ ಬಂದವರು. ಅವರು ಮೇಲಿನಿಂದ ನೋಡುತ್ತಿದ್ದರೆ ನಾನು ಹೇಳಬಹುದಾದ ಸಮಾಧಾನ ಒಂದೇ: ತಾತ, ಇವರು ಇಂಗ್ಲಿಷರಲ್ಲ.